ಕೀಚಕನನ್ನು ಕೊಂದವರು

ಆ ಹೆಸರು ಎದುರಾಗದ ಹಾಗೆ ಶಾಲೆಗೆ ಹೋಗುವ ದಾರಿ ಲಷ್ಕರ್ ಮೊಹಲ್ಲಾದಲ್ಲಿ ಒಂದೂ ಇರಲಿಲ್ಲ. ಭೀಮ. ನಾವು ಹೇಳಬಹುದು, ನಮ್ಮ ಗಂಟೇನೂ ಹೋಗುವುದಿಲ್ಲ. ಕನ್ನಡ ಮಿಸ್ ಶಾಂತಾದೇವಿ ಹೇಳುವ ಹಾಗಿಲ್ಲ, ಏಕೆಂದರೆ ಅವಳಿಗೆ ತಾಳಿ ಕಟ್ಟಿದವನ ಹೆಸರು ಭೀಮಪ್ಪ. ಹೆಂಡತಿಯ ಬಾಯಲ್ಲಿ ಬಂದಷ್ಟು ಸಲ ಗಂಡನ ಆಯುಸ್ಸು ಸವೆಯುತ್ತದೆ ಎಂದು ಅವಳ ತಾಯಿ ಹಸೆಮಣೆಯ ಮೇಲೆ ಕೂರಿಸುವ ಮೊದಲೇ ಕಿವಿಯಲ್ಲಿ ಊದಿದ್ದಳು. ಬೀದಿಯ ಮೂಲೆಗೆ ಬಂದರೆ ಭೀಮ ಬೀಡಿಯ ತಗಡಿನ ಬೋರ್ಡು. ಅದರಲ್ಲಿ ಮೀಸೆ ತಿರುವಿದ ಪಾಂಡವ ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಬೀಡಿ ಹಿಡಿದು ಹೋಗಿ ಬರುವ ಹೆಂಗಸರನ್ನೆಲ್ಲ ದಿಟ್ಟಿಸುತ್ತಿದ್ದ. ಅಲ್ಲಿಂದ ಮುಂದೆ ಗರಡಿಮನೆಯ ಗೋಡೆ, ಗೋಡೆಯ ಮೇಲೆ ಹೋದ ದಸರೆಯ ಕುಸ್ತಿಯ ಪೋಸ್ಟರು, ಪೋಸ್ಟರಿನಲ್ಲಿ ‘ಮೈಸೂರು ಭೀಮ’ ಎಂಬ ಬಿರುದಿನ ಪೈಲ್ವಾನ. ಮಳೆಗೆ ಅವನ ಮುಖ ಅಳಿಸಿಹೋಗಿ ತೊಡೆ ಮಾತ್ರ ಉಳಿದಿತ್ತು. ಜಟಕಾ ನಿಲ್ದಾಣದಲ್ಲಿ ಲಿಂಗಯ್ಯನ ಕುದುರೆಗೂ ಅದೇ ಹೆಸರು. ಪಾಪದ ಕುದುರೆ, ಪಕ್ಕೆಲುಬು ಎಣಿಸಬಹುದಾಗಿತ್ತು. ‘ಏಯ್ ಭೀಮಾ, ನಡಿಯೋ ಮುಂಡೇದೆ’ ಎಂದು ಲಿಂಗಯ್ಯ ಚಾಟಿ ಬೀಸಿದಾಗಲೆಲ್ಲ ಶಾಂತಾದೇವಿ ತಲೆ ತಗ್ಗಿಸಿ ಬೇಗ ಬೇಗ ದಾಟುತ್ತಿದ್ದಳು. ಆ ಏಟು ಬಿದ್ದಾಗ ಒಳಗೊಳಗೇ ಖುಷಿಯಾಗುತ್ತಿತ್ತು, ಆಮೇಲೆ ಮೂರನೆಯ ತಿರುವಿನವರೆಗೂ ಶಿವ ಶಿವ ಎಂದುಕೊಂಡು ಹೋಗುತ್ತಿದ್ದಳು.

ಇವತ್ತಂತೂ ಆ ಹೆಸರಿನದೇ ದಿನ. ಊರೆಲ್ಲ ಭೀಮನ ಅಮಾವಾಸ್ಯೆ ಎನ್ನುತ್ತದೆ, ಅವಳು ‘ಗಂಡನ ಪೂಜೆ’ ಎನ್ನುತ್ತಾಳೆ. ಮದುವೆಯಾದವರೆಲ್ಲ ಉಪವಾಸವಿದ್ದು, ಜೋಡಿ ದೀಪ ಹಚ್ಚಿ, ಗಂಡನ ಪಾದ ತೊಳೆದು, ಹೂವಿಟ್ಟು, ಅರಿಶಿನದ ದಾರ ಕೈಗೆ ಕಟ್ಟಿಸಿಕೊಳ್ಳುವ ದಿನ. ಹೊರಡುವಾಗ ಅತ್ತೆ ಪುಟ್ಟಬಸಮ್ಮ ಬಾಗಿಲಿಗೆ ಬಂದು, ‘ಸಂಜೆಗ್ ಬೇಗ ಬಂದ್ಬುಡು ಕಣವ್ವ, ಅವ್ನು ಬತ್ತಾನೆ’ ಎಂದಿದ್ದಳು. ಬರುತ್ತಾನೆ, ಬರದೆ ಏನು! ವರ್ಷದಲ್ಲಿ ಅವನು ಈ ಮನೆಯ ಹೊಸಿಲು ತುಳಿಯುವುದು ಇದೊಂದೇ ದಿನ. ಉಳಿದ ದಿನವೆಲ್ಲ ಬೋಗಾದಿಯಲ್ಲಿ, ತನ್ನ ಇಟ್ಟಿಗೆ ಗೂಡಿನ ಪಕ್ಕದ ಹೆಂಚಿನ ಮನೆಯಲ್ಲಿ, ಅಲ್ಲಿಟ್ಟುಕೊಂಡವಳ ಜೊತೆ. ಅವಳನ್ನು ಶಾಂತಾದೇವಿ ಒಂದು ಸಲ ದೇವರಾಜ ಮಾರ್ಕೆಟ್ಟಿನಲ್ಲಿ ನೋಡಿದ್ದಳು. ಹೀರೇಕಾಯಿ ಆರಿಸುತ್ತಿದ್ದಳು, ಗರ್ಭಿಣಿ, ಕಾಲು ಊದಿತ್ತು; ಅವಳ ಮೇಲೆ ಸಿಟ್ಟು ಬರುತ್ತದೆಂದು ಕಾದು ನಿಂತರೆ ಬರಲೇ ಇಲ್ಲ. ಸಿಟ್ಟು ಬಂದದ್ದು ಆ ವರ್ಷದ ಆಷಾಢದ ಕೊನೆಗೆ, ಇದೇ ಪೂಜೆಯ ದಿನ, ಆ ಮನುಷ್ಯ ಮಣೆಯ ಮೇಲೆ ಕೂತು ತಟ್ಟೆಯೊಳಗೆ ಕಾಲು ಚಾಚಿದಾಗ. ಹಿಮ್ಮಡಿಯ ಬಿರುಕಿನಲ್ಲೆಲ್ಲ ಇಟ್ಟಿಗೆಯ ಧೂಳು ಕೂತು ತೊಳೆದ ನೀರು ಕೆಂಪಾಗಿತ್ತು, ಆ ನೀರನ್ನು ಅವಳು ತಲೆಗೆ ಪ್ರೋಕ್ಷಿಸಿಕೊಂಡಿದ್ದಳು. ‘ನೀನು ಪೂಜೆ ಮಾಡಿದ ವರ್ಷ ಗೂಡು ಚೆನ್ನಾಗಿ ಬೇಯ್ತದೆ ಕಣೇ’ ಎಂದು ಅವನು ಗಡಿಯಾರ ನೋಡಿಕೊಂಡು ಹೇಳಿದ್ದ. ಒಂದು ವರ್ಷ ಜ್ವರದಲ್ಲಿ ಅವಳು ಏಳಲಾರದೆ ಮಲಗಿದ್ದಾಗ ಮಳೆಗೆ ಗೂಡು ಕುಸಿದುಬಿತ್ತಂತೆ; ಆ ನಷ್ಟವನ್ನು ಇವತ್ತಿಗೂ ಅವಳ ಲೆಕ್ಕಕ್ಕೇ ಬರೆದಿಟ್ಟುಕೊಂಡಿದ್ದಾನೆ ಪುಣ್ಯಾತ್ಮ.

ಶಾಲೆಯ ಗೇಟಿನ ಹತ್ತಿರ ಬಂದಾಗ ಅವಳಿಗೆ ಅತ್ತೆಯ ನೆನಪಾಯಿತು. ಈ ಹೆಸರಿನ ವಿಷಯದಲ್ಲಿ ಅತ್ತೆಯ ಗತಿ ಇನ್ನೂ ಕಷ್ಟ. ಪುಟ್ಟಬಸಮ್ಮನ ಮಾವನ ಹೆಸರೂ ಭೀಮಪ್ಪ. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟರು, ಮಾವನ ಹೆಸರನ್ನು ಸೊಸೆ ಹೇಳುವ ಹಾಗಿಲ್ಲ, ಸರಿ, ಹೆತ್ತ ಮಗನನ್ನೇ ಅವಳು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಮಗ, ಪುಟ್ಟ, ಇವನೇ. ಅವನು ಟ್ರಂಕು ಎತ್ತಿಕೊಂಡು ಬೋಗಾದಿಗೆಂದು ಮೊದಲ ಸಲ ಹೊರಟ ದಿನ ಪುಟ್ಟಬಸಮ್ಮ ಸೆರಗು ಜಾರಿದ್ದೂ ತಿಳಿಯದೆ ಬೀದಿಗೆ ಓಡಿದಳು. ಕೂಗಬೇಕು, ಏನೆಂದು ಕೂಗುವುದು? ‘ಏ ಇವ್ನೇ, ಏ ಇವ್ನೇ’ ಎಂದು ಕೂಗಿದಳು. ಬೀದಿಯಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು, ಅವನೊಬ್ಬ ನೋಡಲಿಲ್ಲ. ಶಾಂತಾದೇವಿ ಹೊಸಿಲಲ್ಲೇ ನಿಂತಿದ್ದಳು, ಅವಳ ಬಾಯಲ್ಲೂ ಹೆಸರಿರಲಿಲ್ಲ. ಇಬ್ಬರು ಹೆಂಗಸರು, ಇಬ್ಬರಿಗೂ ಗಂಟಲು ಸರಿಯಾಗಿತ್ತು, ಒಬ್ಬ ಮನುಷ್ಯನನ್ನು ಕರೆದು ನಿಲ್ಲಿಸಲು ಆಗಲಿಲ್ಲ. ಅವತ್ತು ಸಂಜೆ ಇಬ್ಬರೂ ಕೂತು ಅವರೆಕಾಯಿ ಸುಲಿದರು.

ತರಗತಿಯಲ್ಲಿ ನಡೆಯುತ್ತಿದ್ದದ್ದು, ಹಣೆಬರಹ ನೋಡಿ, ಕೀಚಕವಧೆಯ ಪಾಠ. ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯ ಹುಡುಗಿಯರಿಗೆ ಕನ್ನಡ ಹೇಳುವ ಮಿಸ್ ಭೀಮನ ಹೆಸರು ಎತ್ತದೆ ಕೀಚಕನನ್ನು ಕೊಲ್ಲಿಸಬೇಕು. ಮೊದಮೊದಲು ಅವಳು ವಾಯುಪುತ್ರ ಎನ್ನುತ್ತಿದ್ದಳು, ವೃಕೋದರ ಎನ್ನುತ್ತಿದ್ದಳು, ಧರ್ಮರಾಯನ ತಮ್ಮ, ಅರ್ಜುನನ ಅಣ್ಣ ಎನ್ನುತ್ತಿದ್ದಳು. ಬರಬರುತ್ತ ದಣಿವಾಗಿ ‘ಅವರು’ ಎಂದುಬಿಡುತ್ತಿದ್ದಳು. ಹುಡುಗಿಯರಿಗೆ ಎಲ್ಲಿ ಮುಚ್ಚಿಡುತ್ತೀರಿ? ಯಾರದೋ ಮನೆಯ ಪಕ್ಕದಲ್ಲಿ ಯಾರೋ ಹೇಳಿದರು, ಮಿಸ್ ಮನೆಯವರ ಹೆಸರು ಅದೇ ಕಣ್ರೇ ಎಂದು ತರಗತಿಯಲ್ಲೆಲ್ಲ ಹರಡಿತು. ಮೊದಲು ಕಿಸಿಕಿಸಿ ನಗು. ಆಮೇಲೆ ಒಂದು ದಿನ ಪಾಠ ಓದಲು ಎದ್ದ ಚಾಮುಂಡೇಶ್ವರಿ ಎಂಬ ಹುಡುಗಿ ಆ ಹೆಸರು ಬಂದಲ್ಲಿ ತಟಕ್ಕನೆ ನಿಂತು, ಉಗುಳು ನುಂಗಿ, ‘ಅವರು’ ಎಂದು ಓದಿದಳು. ನಗಲಿಲ್ಲ. ಮಿಸ್ಸಿಗೆ ನೋವಾಗಬಾರದು ಎಂದು ಹಾಗೆ ಓದಿದ್ದಳು. ಅಂದಿನಿಂದ ಇಡೀ ತರಗತಿ ಹಾಗೇ ಓದಿತು, ಉತ್ತರ ಪತ್ರಿಕೆಗಳಲ್ಲೂ ಹಾಗೇ ಬರೆಯಿತು. ಬೇಡ ಕಣ್ರೇ, ಹೆಸರು ಹೇಳಿ, ನಿಮಗೇನು ಅಡ್ಡಿ ಎಂದು ಶಾಂತಾದೇವಿ ಹೇಳಬಹುದಾಗಿತ್ತು. ಹೇಳಲಿಲ್ಲ. ಮನೆಯಲ್ಲಿ ಯಾರೂ ಕೊಡದ ಒಂದು ಮಾನವನ್ನು ಈ ಮಕ್ಕಳು ಕೊಡುತ್ತಿದ್ದಾರೆ ಎಂದು ಕಣ್ಣು ಒದ್ದೆ ಮಾಡಿಕೊಂಡು ಇಟ್ಟುಕೊಂಡಳು.

ಇವತ್ತು ಎರಡನೆಯ ಪಿರಿಯಡ್ಡಿಗೆ ಶಾಲೆಗಳ ಇನ್‌ಸ್ಪೆಕ್ಟರು ಬಂದರು. ಅನಂತಪದ್ಮನಾಭಯ್ಯ ಎಂದು, ಜರಿ ರುಮಾಲು, ಮುಚ್ಚುಕೋಟು, ನಗುಮುಖದ ಮನುಷ್ಯ. ಹಿಂದೆ ಹೆಡ್‌ಮಿಸ್ಟ್ರೆಸ್ ಸರೋಜಮ್ಮ. ಹುಡುಗಿಯರು ಎದ್ದು ನಮಸ್ಕಾರ ಹೇಳಿ ಕೂತರು. ಅವರು ಪುಸ್ತಕ ತಿರುವಿ ಹಾಕಿ, ಸುಲಭದ್ದೇ ಕೇಳೋಣ ಎಂದು ಕೇಳಿದರು: ‘ಎಲ್ಲಿ, ಕೀಚಕನನ್ನು ಕೊಂದವರು ಯಾರು ಹೇಳಿ ನೋಡೋಣ?’

ಯಾರೂ ಕೈ ಎತ್ತಲಿಲ್ಲ. ಹುಡುಗಿಯರೆಲ್ಲ ಶಾಂತಾದೇವಿಯ ಮುಖ ನೋಡಿದರು. ಅಷ್ಟು ಕಣ್ಣುಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ಅವಳು ಹಿಂದೆ ಎಂದೂ ಕಂಡಿರಲಿಲ್ಲ. ಸರೋಜಮ್ಮ ಕೆಮ್ಮಿದರು.

‘ಅರೆ! ಒಬ್ಬರಿಗೂ ಗೊತ್ತಿಲ್ಲವೇನಮ್ಮ? ವಿರಾಟನ ಅಡುಗೆಮನೆಯಲ್ಲಿ ಇದ್ದನಲ್ಲ?’

ಚಾಮುಂಡೇಶ್ವರಿ ಎದ್ದು, ‘ವಲಲ ಸಾರ್’ ಎಂದಳು.

‘ಸರಿ, ಅದು ಅಜ್ಞಾತವಾಸದ ಹೆಸರು. ನಿಜವಾದ ಹೆಸರು?’

‘ವಾಯುಪುತ್ರರು ಸಾರ್.’

‘ವಾಯುಪುತ್ರರು!’ ಇನ್‌ಸ್ಪೆಕ್ಟರು ನಕ್ಕರು. ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ‘ಏಳಮ್ಮ ನೀನು. ನೀನು ಹೇಳು.’

ಎದ್ದವಳು ಕೆಂಚಮ್ಮ. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ, ಬಾಯಿ ಬಿಟ್ಟರೆ ಪಟಪಟ ಉತ್ತರ. ಅವಳು ಮಿಸ್ ಕಡೆ ನೋಡಿದಳು, ನೆಲ ನೋಡಿದಳು, ಕೊನೆಗೆ ‘ಗೊತ್ತಿಲ್ಲ ಸಾರ್’ ಎಂದಳು.

‘ಎಲ್ಲಿಂದ ಬರ್ತೀಯಮ್ಮ?’

‘ಅಶೋಕಪುರಂ ಸಾರ್.’

‘ಹೂಂ’ ಎಂದರು ಅನಂತಪದ್ಮನಾಭಯ್ಯ. ಅಷ್ಟೇ. ಆ ಒಂದು ಹೂಂನಲ್ಲಿ ಆ ಬೀದಿ, ಆ ಜಾತಿ, ಆ ಹುಡುಗಿಯ ಹರಿದ ಲಂಗ ಎಲ್ಲವನ್ನೂ ಅವರು ತೂಗಿ ಕೆಳಗಿಟ್ಟರು. ಕೆಂಚಮ್ಮ ಕೂತಳು. ಈಗ ಹೇಳು, ಈಗ ಬಾಯಿ ಬಿಡು ಎಂದು ಶಾಂತಾದೇವಿಗೆ ಅವಳ ಮನಸ್ಸೇ ಕಿರುಚಿತು. ಎರಡೇ ಅಕ್ಷರ. ತುಟಿ ಕೂಡಿಸಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಅವಳು ತುಟಿ ಕೂಡಿಸಿದಳು ಕೂಡ. ಅಷ್ಟರಲ್ಲಿ ಸರೋಜಮ್ಮ ಮುಂದೆ ಬಾಗಿ ಇನ್‌ಸ್ಪೆಕ್ಟರ ಕಿವಿಯಲ್ಲಿ ಏನೋ ಹೇಳಿದರು. ಇನ್‌ಸ್ಪೆಕ್ಟರ ಮುಖ ಅರಳಿತು. ‘ಓಹೋಹೋ! ಹಾಗೋ! ಮನೆಯವರ ಹೆಸರು! ಭೇಷ್ ಭೇಷ್. ಈ ಕಾಲದಲ್ಲೂ ಇಂಥವರು ಇದ್ದಾರಲ್ಲ, ಅದಕ್ಕೇ ಕಣಮ್ಮ ಮಳೆ ಬೆಳೆ ಆಗ್ತಾ ಇರೋದು. ಮಕ್ಕಳೇ, ನಿಮ್ಮ ಮಿಸ್ಸನ್ನು ನೋಡಿ ಕಲೀರಿ. ಇವತ್ತು ಭೀಮನ ಅಮಾವಾಸ್ಯೆ ಬೇರೆ! ಮನೆಯಲ್ಲಿ ಯಜಮಾನರು ಕಾಯ್ತಿರ್ತಾರೆ, ಬೇಗ ಬಿಟ್ಟುಬಿಡಿ ಇವರನ್ನ’ ಎಂದು ಸರೋಜಮ್ಮನವರಿಗೆ ಹೇಳಿ, ಎರಡೂ ಕೈ ಜೋಡಿಸಿ ಶಾಂತಾದೇವಿಗೆ ನಮಸ್ಕರಿಸಿ ಹೋದರು. ಕೆನ್ನೆಗೆ ಹೊಡೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ನಮಸ್ಕಾರ ತಡೆಯಲಾಗಲಿಲ್ಲ.

ಸಂಜೆ ಗೇಟಿನ ಹತ್ತಿರ ಕೆಂಚಮ್ಮ ಕಾದಿದ್ದಳು.

‘ಮಿಸ್, ನಂಗೆ ಗೊತ್ತಿತ್ತು.’

‘ನಂಗೊತ್ತು ಕಣೆ.’

‘ನಮ್ಮನೇಲಿ ಆ ಎಸ್ರು ದಿನಾ ಏಳ್ತಾರೆ ಮಿಸ್. ಕೋಟು ಕನ್ನಡ್ಕ ಆಕ್ಕಂಡಿರೋ ಪಟ ಅದೆ, ಅದುಕ್ಕೆ ಊವ ಆಕಿ ನಮ್ಮವ್ವ ಆ ಎಸ್ರು ಏಳೇ ಕೈ ಮುಗಿಯೋದು. ಓದ್ವರ್ಷ ಅವ್ರು ತೀರ್ಕಂಡಾಗ ಬೀದಿ ಎಂಗುಸ್ರೆಲ್ಲ ಆ ಎಸ್ರಿಡ್ದೇ ಅತ್ರು. ನನ್ ತಮ್ಮಂಗೂ ಅದೇ ಇಟ್ಟವ್ರೆ.’ ಹುಡುಗಿಗೆ ಬಂದಿದ್ದದ್ದು ಅಳುವಲ್ಲ, ಸಿಟ್ಟು. ‘ಇಲ್ಲಿ ನಿಮಗೋಸ್ಕರ ಏಳ್ನಿಲ್ಲ. ಅವ್ರು ನನ್ನ ದಡ್ಡಿ ಅಂದ್ಕಂಡ್ಬುಟ್ರು. ನಾನು ಏಳ್ಬೇಕಿತ್ತಾ ಮಿಸ್?’

ಶಾಂತಾದೇವಿ ‘ನಾಳೆ ಮಾತಾಡೋಣ, ಹೊತ್ತಾಯ್ತು ಹೋಗು’ ಎಂದಳು. ಥೂ, ಇಂಥ ಉತ್ತರ ಹೇಳುವುದಕ್ಕೆ ಮೇಷ್ಟರಿಕೆ ಬೇರೆ ಕೇಡು. ಹುಡುಗಿ ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ದಕ್ಷಿಣದ ಕಡೆ ಹೊರಟಳು, ಮೂರು ಮೈಲಿ ನಡೆದು ಬರುವ ಹುಡುಗಿ, ಒಂದು ದಿನವೂ ತಡವಾಗಿ ಬಂದವಳಲ್ಲ. ಅವಳ ಬೀದಿಯಲ್ಲಿ ಆ ಹೆಸರು ಹೇಳಿದರೆ ಹೆಂಗಸರ ಬೆನ್ನು ನೆಟ್ಟಗಾಗುತ್ತದೆ. ತನ್ನ ತರಗತಿಗೆ ಬಂದು ಹುಡುಗಿ ಅದನ್ನು ನುಂಗುವುದನ್ನು ಕಲಿತಳು. ಒಂದು ಹೆಸರು ಹೇಳದೆ ಒಬ್ಬ ಗಂಡಸನ್ನು ಬದುಕಿಸಿಟ್ಟಿದ್ದೇನೆ ಎಂದುಕೊಂಡಿದ್ದಳು ಶಾಂತಾದೇವಿ. ಅವನು ದುಂಡಗೆ ಬದುಕಿದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಕುಗ್ಗಿದ್ದು ಯಾರ ಆಯುಸ್ಸು?

ಮನೆಯ ದಾರಿ ಹಿಡಿದಾಗಲೂ ಪಾಠ ತಲೆಯಲ್ಲಿ ಸುತ್ತುತ್ತಿತ್ತು. ಸೈರಂಧ್ರಿ ಕತ್ತಲಲ್ಲಿ ಅಡುಗೆಮನೆಗೆ ಹೋಗುತ್ತಾಳೆ. ಐದು ಜನ ಗಂಡಂದಿರು, ನಾಲ್ವರು ಕಂಡೂ ಕಾಣದವರ ಹಾಗೆ ಕೂತವರು. ಎಬ್ಬಿಸಿದರೆ ಏಳುವವನು ಒಬ್ಬನೇ. ಏನೆಂದು ಎಬ್ಬಿಸಿದಳು ಅವಳು? ರೀ ಎಂದಳೇ? ಇವರೇ, ಸ್ವಲ್ಪ ಏಳ್ತೀರಾ ಎಂದಳೇ? ಅವಳು ಹೆಸರು ಹಿಡಿದೇ ಕರೆದಿರಬೇಕು, ಮೈ ಹಿಡಿದು ಅಲ್ಲಾಡಿಸಿ ಕರೆದಿರಬೇಕು, ಇಲ್ಲದಿದ್ದರೆ ಅವನು ಎದ್ದಿರುತ್ತಿರಲಿಲ್ಲ, ಕೀಚಕ ಸತ್ತಿರುತ್ತಿರಲಿಲ್ಲ. ಅಯ್ಯೋ, ಇಷ್ಟು ವರ್ಷ ಪಾಠ ಹೇಳಿಕೊಟ್ಟು ಇದು ಹೊಳೆಯಲಿಲ್ಲವಲ್ಲ! ಶಾಂತಾದೇವಿ ಗರಡಿಯ ಗೋಡೆಯ ಹತ್ತಿರ ನಿಂತಳು. ತೊಡೆ ಮಾತ್ರ ಉಳಿದ ಪೈಲ್ವಾನನನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಬೀಡಿ ಬೋರ್ಡಿನ ಪಾಂಡವನನ್ನು ನೋಡಿದಳು. ಕೊಂದವನು ನಿಜವಾಗಿ ಒಬ್ಬನಿದ್ದ, ಅವನ ಹೆಸರು ಹೇಳಿಕೊಂಡು ಬೀಡಿ ಮಾರುವವರು, ಕುದುರೆ ಹೊಡೆಯುವವರು, ಕಾಲು ಚಾಚುವವರು ಸಾವಿರ ಜನ. ಹೆಸರೇನು ಇವರಪ್ಪನ ಮನೆ ಆಸ್ತಿಯೇ?

ಪುಟ್ಟಬಸಮ್ಮ ಎಲ್ಲ ಅಣಿ ಮಾಡಿಟ್ಟಿದ್ದಳು. ಜೋಡಿ ದೀಪದ ಕಂಬ ಬೆಳಗಿ, ವಿಭೂತಿ ಬಳಿದು, ಮಣೆ ಹಾಕಿ, ಮಣೆಯ ಮುಂದೆ ಹಿತ್ತಾಳೆ ತಟ್ಟೆ, ಚೊಂಬು ನೀರು, ಅರಿಶಿನದ ದಾರ. ಒಲೆಯ ಮೇಲೆ ಕಡುಬು ಬೆಂದಿತ್ತು. ಅದರಲ್ಲೊಂದು ಭಂಡಾರದ ಕಡುಬು, ಒಳಗೆ ಕಾಸು ಇಟ್ಟು ಬೇಯಿಸಿದ್ದು. ಪೂಜೆಯಾದ ಮೇಲೆ ಅದನ್ನು ಹೊಸಿಲ ಮೇಲಿಟ್ಟು ಹೆಣ್ಣಿನ ಅಣ್ಣನೋ ತಮ್ಮನೋ ಮೊಣಕೈಯಿಂದ ಗುದ್ದಿ ಒಡೆಯಬೇಕು. ಶಾಂತಾದೇವಿಗೆ ಒಡಹುಟ್ಟಿದವರಿಲ್ಲ. ಪ್ರತಿ ವರ್ಷ ಹಿಂದಿನ ಮನೆಯ ಚನ್ನಬಸವಯ್ಯನವರನ್ನು ಕರೆಯುವುದು ವಾಡಿಕೆ, ಅವರಿಗೆ ಈಗ ಮಂಡಿ ನೋವು, ಕೂರಲು ಆಗುವುದಿಲ್ಲ. ‘ಗಂಡ್ಸಿನ್ ಮೊಣಕೈ ಎಲ್ಲಿಂದ ತರೋಣ’ ಎಂದು ಪುಟ್ಟಬಸಮ್ಮ ಬೆಳಗ್ಗೆಯಿಂದ ಕೊರಗುತ್ತಿದ್ದಳು.

ಬೀದಿಯಲ್ಲಿ ಜಟಕಾ ನಿಂತ ಸದ್ದಾಯಿತು. ಅವನು ಒಳಗೆ ಬಂದ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಅಂಗಿಯ ಗುಂಡಿ ಸಡಿಲಿಸಿ, ಏನವ್ವ ಚೆನ್ನಾಗಿದೀಯಾ ಎಂದು ತಾಯಿಯನ್ನು ಕೇಳಿ, ಉತ್ತರಕ್ಕೆ ಕಾಯದೆ ಮಣೆಯ ಮೇಲೆ ಕೂತ. ಪಂಚೆ ಮೊಣಕಾಲಿಗೆ ಎತ್ತಿ ಎರಡೂ ಕಾಲು ತಟ್ಟೆಯೊಳಗಿಟ್ಟ. ಅದೇ ಹಿಮ್ಮಡಿ, ಅದೇ ಕೆಂಪು ಧೂಳು. ಶಾಂತಾದೇವಿ ಚೊಂಬು ಹಿಡಿದು ನಿಂತಳು.

‘ಏನ್ ನೋಡ್ತಾ ನಿಂತೆ? ಬೇಗ ಆಗ್ಲಿ. ರಾತ್ರಿ ಗೂಡಿಗೆ ಬೆಂಕಿ ಹಾಕ್ಬೇಕು.’

‘ಭೀಮಪ್ಪ’ ಎಂದಳು ಶಾಂತಾದೇವಿ.

ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲೇ ಬಂತು. ದೀಪ ಆರಲಿಲ್ಲ. ಅವನಿಗೆ ಅರ್ಥವೇ ಆಗಲಿಲ್ಲ, ಯಾರನ್ನು ಕರೆದಳು ಎಂದು ಹೆಗಲ ಮೇಲಿಂದ ಹಿಂದಕ್ಕೆ ನೋಡಿದ. ಅವಳಿಗೆ ನಗು ಬರುವ ಹಾಗಾಯಿತು.

‘ಭೀಮಪ್ಪ, ನಿಮ್ಮನ್ನೇ. ತಟ್ಟೆಯಿಂದ ಕಾಲು ತೆಗೀರಿ.’

ಪುಟ್ಟಬಸಮ್ಮ ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡಳು. ಅವನ ಮುಖ ಕೆಂಪೇರಿತು. ‘ಏನಂದೆ? ಇನ್ನೊಂದ್ಸಲ ಅನ್ನು, ಹಲ್ಲು ಉದುರಿಸ್ತೀನಿ! ಗಂಡ ಸಾಯ್ಲಿ ಅಂತ ಹೆಸರು ಹಿಡೀತೀಯೇನೇ?’

‘ಭೀಮಪ್ಪ’ ಎಂದಳು ಅವಳು ಮೂರನೆಯ ಸಲ. ಈಗ ಚೊಂಬಿನ ನೀರು ತುಳುಕಿ ಅವಳ ಸ್ವಂತ ಕಾಲಿನ ಮೇಲೆ ಬೀಳುತ್ತಿತ್ತು, ಆದರೂ ಬಾಯಿ ನಿಲ್ಲಲಿಲ್ಲ. ‘ನೀವು ಸಾಯೋದು ಬೇಡ. ನೂರು ವರ್ಷ ಬಾಳಿ, ಬೋಗಾದೀಲಿ ಬಾಳಿ. ಅಲ್ಲಿರೋಳಿಂದ ಕಾಲು ತೊಳೆಸ್ಕೊಳ್ಳಿ, ಅವಳು ತೊಳೆದರೆ. ನನ್ನ ಕೈಲಿ ಆಗಲ್ಲ. ನಿಮ್ಮ ಇಟ್ಟಿಗೆ ಬೇಯಿಸೋದಕ್ಕೆ ನನ್ನ ಉಪವಾಸ ಬೇಡ.’

ಅವನು ಎದ್ದ. ತಟ್ಟೆ ಕಾಲಿಗೆ ತಾಗಿ ಮಗುಚಿಬಿತ್ತು. ಕೈ ಎತ್ತಿದ, ಅವಳು ಅಲ್ಲಾಡದೆ ನಿಂತದ್ದು ನೋಡಿ ಕೈ ಎಲ್ಲಿಡಬೇಕೋ ತಿಳಿಯದೆ ತಾಯಿಯ ಕಡೆ ತಿರುಗಿದ. ‘ನೋಡವ್ವ, ನೋಡು ಇವಳ ಕೊಬ್ಬು! ಮೇಷ್ಟರಿಕೆ ಮಾಡಿ ತಲೆಗೇರಿದೆ. ನೀನಾದ್ರೂ ಹೇಳು. ಇವಳು ಇರ್ಬೇಕೋ ನಾನು ಬರ್ಬೇಕೋ, ನೀನೇ ಹೇಳ್ಬುಡು ಇವತ್ತು.’

ಪುಟ್ಟಬಸಮ್ಮ ಕಿವಿಯಿಂದ ಕೈ ತೆಗೆದಳು. ಕಿವಿಯ ಸುತ್ತ ಅಕ್ಕಿಹಿಟ್ಟು ಮೆತ್ತಿತ್ತು. ಕಂಬ ಹಿಡಿದು ಎದ್ದು ನಿಂತಳು, ಸುಧಾರಿಸಿಕೊಂಡಳು. ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿ ತೆರೆದಳು, ಮುಚ್ಚಿದಳು. ಆ ಬಾಯಿಗೆ ಆ ಹೆಸರಿನ ಅಭ್ಯಾಸವೇ ಇರಲಿಲ್ಲ, ಪಾಪ, ಮಗು ಮೊದಲ ಮಾತು ಆಡುವ ಹಾಗೆ ತುಟಿ ಕೂಡಿಸಿದಳು.

‘ಭೀಮ’ ಎಂದಳು.

ಮತ್ತೆ ಹೆಂಡತಿಯನ್ನು ದುರುಗುಟ್ಟಿಕೊಂಡಿದ್ದವನು ಗಕ್ಕನೆ ತಾಯಿಯ ಕಡೆ ತಿರುಗಿದ. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ಕೇಳದ ಹೆಸರು. ಗಂಡಸಿನ ಕಣ್ಣಲ್ಲಿ ಒಂದು ಗಳಿಗೆ ಚಿಕ್ಕ ಹುಡುಗ ಬಂದು ಹೋದ.

‘ಭೀಮ. ಅವತ್ತು ಬೀದೀಲಿ ಕರುದ್ರೆ ನೀನು ತಿರುಗ್ನಿಲ್ಲ. ಇವತ್ತು ತಿರುಗ್ದೆಯಲ್ಲ, ಸಾಕು. ಓಗು, ಚಪ್ಪಲಿ ಮೆಟ್ಕೊ.’

ಅವನು ಏನೇನೋ ಅಂದ. ಮಠಕ್ಕೆ ದೂರು ಕೊಡುತ್ತೇನೆ ಎಂದ, ಜನ ಉಗಿಯುತ್ತಾರೆ ಎಂದ, ಗೂಡು ಕುಸಿದರೆ ನೀವೇ ಹೊಣೆ ಎಂದ. ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ. ‘ನಡಿಯೋ ಭೀಮಾ’ ಎಂದು ಲಿಂಗಯ್ಯ ಕುದುರೆಗೆ ಹೇಳಿದ್ದು ಕೇಳಿಸಿತು, ಜಟಕಾ ಹೋಯಿತು.

ಪುಟ್ಟಬಸಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಶಾಂತಾದೇವಿ ಚೊಂಬಿನಲ್ಲಿ ಉಳಿದ ನೀರನ್ನು ಅವಳಿಗೆ ಕುಡಿಸಿದಳು. ಕುಡಿದು, ಸೆರಗಿನಿಂದ ಮೂಗು ಒರೆಸಿಕೊಂಡು, ಮುದುಕಿ ಸೂರು ನೋಡಿದಳು, ಬಾಗಿಲು ನೋಡಿದಳು. ‘ಏನೂ ಆಗ್ನಿಲ್ವಲ್ಲೇ’ ಎಂದಳು.

‘ಇಲ್ಲ ಅತ್ತೆ.’

‘ಭಂಡಾರ ಒಡೆಯೋರಿಲ್ಲ. ಕಡುಬು ಆರೋಯ್ತು.’

ಶಾಂತಾದೇವಿ ಕಾಸಿನ ಕಡುಬು ತಂದು ಹೊಸಿಲ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ ಕೂತು ಮೊಣಕೈ ಎತ್ತಿ ಗುದ್ದಿದಳು. ಒಡೆಯಲಿಲ್ಲ, ಆರಿದ ಕಡುಬು ಗಟ್ಟಿಯಾಗಿತ್ತು, ನೋವು ಭುಜದವರೆಗೂ ಹತ್ತಿತು. ‘ಅಯ್ಯೋ ನಿನ್ನ!’ ಎಂದು ಬೈದು ಇನ್ನೊಂದು ಸಲ ಗುದ್ದಿದಳು. ಈ ಸಲ ಒಡೆಯಿತು, ಕಾಸು ಚಿಮ್ಮಿ ಬೀದಿಗೆ ಬಿತ್ತು. ಎದುರು ಜಗುಲಿಯ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನೋಡಲಿ. ಅವಳು ಮೊಣಕೈ ತಿಕ್ಕಿಕೊಳ್ಳುತ್ತ ಹೊಸಿಲಲ್ಲೇ ಕೂತಳು. ನಾಳೆ ಮೊದಲ ಪಿರಿಯಡ್ಡಿಗೇ ಕೆಂಚಮ್ಮನನ್ನು ಎಬ್ಬಿಸಿ ನಿಲ್ಲಿಸಬೇಕು, ಎಲ್ಲರೆದುರು ಅವಳ ಕ್ಷಮೆ ಕೇಳಬೇಕು, ಆಮೇಲೆ ಪ್ರಶ್ನೆ ಕೇಳಬೇಕು. ಪ್ರಶ್ನೆಯನ್ನು ಬೀದಿಗೆ ಕೇಳುವ ಹಾಗೆ ಈಗಲೇ ಒಂದು ಸಲ ಹೇಳಿ ನೋಡಿದಳು: ‘ಕೀಚಕನನ್ನು ಕೊಂದವರು ಯಾರು?’

ಪುಟ್ಟಬಸಮ್ಮ ಹೊಸಿಲಿಂದ ಕಡುಬಿನ ಚೂರೊಂದನ್ನು ಎತ್ತಿ ಧೂಳು ಊದಿ ಬಾಯಿಗೆ ಹಾಕಿಕೊಂಡಳು.

‘ಅವತ್ತು ಭೀಮ ಕಣವ್ವ’ ಎಂದಳು, ಸೊಸೆಯ ಮೊಣಕೈ ನೋಡುತ್ತ.